ಚಿಕ್ಕಪ್ಪನ ತೋಟದ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿದ ಕಥೆ

ಚಿಕ್ಕಪ್ಪನ ಕಾಫಿ ತೋಟ ಇರುವುದು ಕೊಡಗಿನ ಸೋಮವಾರಪೇಟೆ ಕಡೆ, ಮೇನ್ ರೋಡಿನಿಂದ ಒಳಗೆ. ಮನೆ ಪಕ್ಕದಲ್ಲೇ ಕಣ, ಕಣದ ಪಕ್ಕ ಒಂದು ಸಣ್ಣ ಆಫೀಸ್ ರೂಮು. ಆ ರೂಮಿನಲ್ಲಿ 2018ರಲ್ಲಿ ಜೋಡಿಸಿದ ಒಂದು ಕಂಪ್ಯೂಟರ್ ಇದೆ. ಇಂಟೆಲ್ ಐ3-8100, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ತೋಟದ ಲೆಕ್ಕ ಬರೆಯುವವರನ್ನು ನಮ್ಮ ಕಡೆ ರೈಟರ್ ಅಂತಾರೆ. ವಾರದ ಬಟವಾಡೆ, ಗೊಬ್ಬರದ ಬಿಲ್ಲು, ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು ಅನ್ನುವುದು, ಎಲ್ಲಾ ಅವರ ಕೈಯಲ್ಲಿ, ಅಂದರೆ ಈ ಕಂಪ್ಯೂಟರಿನಲ್ಲಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಪರದೆ ಮೇಲೆ ಅದರ ನೋಟೀಸು ಬಂದದ್ದೇ ಚಿಕ್ಕಪ್ಪನ ಫೋನ್ ಬಂತು. "ಏನೋ ಇದು, ಕಂಪ್ಯೂಟರ್ ಸತ್ತೋಗುತ್ತಾ?" ಸಾಯಲ್ಲ ಚಿಕ್ಕಪ್ಪ, ಸೆಕ್ಯೂರಿಟಿ ಅಪ್‌ಡೇಟ್ ಬರುವುದು ನಿಲ್ಲುತ್ತೆ ಅಷ್ಟೇ ಅಂದೆ. ಒಂದು ವರ್ಷ ಮುಂದೂಡುವ ದಾರಿಯೂ ಇತ್ತು. ಇಎಸ್‌ಯು ಅಂತ ಹೇಳಿ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಕೊಡುತ್ತೇವೆ ಅಂದಿದ್ದರು. ಆದರೆ ಈ ಮೆಷಿನ್‌ನಲ್ಲೇ ಬ್ಯಾಂಕಿನ ಕೆಲಸವೂ ನಡೆಯುತ್ತದೆ, ಪ್ರೊಸೆಸರ್ ಹೇಗೂ ಎಂಟನೇ ಜನರೇಷನ್, ವಿಂಡೋಸ್ 11ರ ಪಟ್ಟಿಯಲ್ಲಿದೆ. ಮುಂದಿನ ವರ್ಷ ಮಾಡುವ ಕೆಲಸ ಈಗಲೇ ಮುಗಿಸೋಣ, ಅರಾಬಿಕಾ ಕೊಯ್ಲು ಶುರುವಾದರೆ ರೈಟರ್ ಕಂಪ್ಯೂಟರ್ ಬಿಟ್ಟುಕೊಡಲ್ಲ ಅಂದುಕೊಂಡೆ. ಅರ್ಧ ದಿನದ ಕೆಲಸ ಅಂತಲೂ ಅಂದುಕೊಂಡಿದ್ದೆ.

ಶನಿವಾರ, ಅಕ್ಟೋಬರ್ 18

ತಲಕಾವೇರಿಯ ತೀರ್ಥೋದ್ಭವ ಮುಗಿದ ಮಾರನೇ ದಿನ. ಸೋಮವಾರ ದೀಪಾವಳಿ ರಜೆ, ಹಾಗಾಗಿ ಮೂರು ದಿನ ಕೈಯಲ್ಲಿತ್ತು.

ಮೊದಲು ಬ್ಯಾಕಪ್. ರೈಟರ್ ಫೋಲ್ಡರುಗಳನ್ನೆಲ್ಲಾ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿದೆ. ಬ್ಯಾಕಪ್ ಅಂದರೆ ಕಾಪಿ ಮಾಡಿ ಬಿಡುವುದಲ್ಲ, ಬೇರೆ ಕಡೆ ತೆರೆದು ನೋಡಬೇಕು ಅಂತ ನನ್ನ ಲ್ಯಾಪ್‌ಟಾಪಿನಲ್ಲಿ ಬಟವಾಡೆ ಪುಸ್ತಕ ತೆರೆದೆ. ಎದೆ ಧಸಕ್ಕೆಂದಿತು. ಹೆಸರು ಇರಬೇಕಾದ ಕಡೆಯೆಲ್ಲಾ ಇಂಗ್ಲಿಷ್ ಅಕ್ಷರ, ಚಿಹ್ನೆ, ಪೌಂಡ್ ಗುರುತು ಕಲಸಿದ ಚಿತ್ರಾನ್ನ. ಎರಡು ನಿಮಿಷ ಬೇಕಾಯಿತು ಹೊಳೆಯಲು. ರೈಟರ್ ಎಲ್ಲವನ್ನೂ ಟೈಪ್ ಮಾಡಿರುವುದು ಹಳೆಯ ನುಡಿ ಫಾಂಟಿನಲ್ಲಿ, ಎಲ್ಲಾ ಕಡೆ ಓದಲು ಬರುವ ಯುನಿಕೋಡ್‌ನಲ್ಲಿ ಅಲ್ಲ. ಫೈಲ್ ಚೆನ್ನಾಗೇ ಇದೆ, ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ ಅಷ್ಟೇ. ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ಬ್ಯಾಕಪ್ಪಿಗೆ ಸೇರಿಸಿದೆ. ಲ್ಯಾಪ್‌ಟಾಪಿಗೂ ಹಾಕಿದೆ. ಹೆಸರುಗಳು ವಾಪಸ್ ಬಂದವು. ಕನ್ನಡದಲ್ಲಿ ಹಳೆಯ ಕಡತ ಇಟ್ಟುಕೊಂಡಿರುವ ಯಾರೇ ಆದರೂ ಫಾಂಟ್ ಫೈಲನ್ನೂ ಜೊತೆಗಿಟ್ಟುಕೊಳ್ಳಿ. ಅದಿಲ್ಲದೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಆಮೇಲೆ ಕ್ಯಾಬಿನೆಟ್ ಬಿಚ್ಚಿದೆ. 4 ಜಿಬಿ ಸಾಲಲ್ಲ, ಇನ್ನೊಂದು 4 ಜಿಬಿ ತಂದಿದ್ದೆ. ಮಡಿಕೇರಿ, ಸೋಮವಾರಪೇಟೆ ಕಡೆ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಇದು ಹೊಸದೇನಲ್ಲ, ಆದರೂ ಹೇಳುತ್ತೇನೆ. ಒಳಗೆ ಮುಗ್ಗಲು ವಾಸನೆ. ಜೂನ್‌ನಿಂದ ಹಿಡಿದ ಮಳೆಯ ಥಂಡಿಗೆ ಸ್ಕ್ರೂಗಳೆಲ್ಲಾ ತುಕ್ಕು, ಫ್ಯಾನಿನ ಮೇಲೆ ಬೂಷ್ಟು. ಪವರ್ ಸಪ್ಲೈ ಡಬ್ಬದ ಸಂದಿಯಲ್ಲಿ ಎರಡು ಹಲ್ಲಿ ಮೊಟ್ಟೆ, ಒಂದು ಒಡೆದು ಖಾಲಿಯಾಗಿತ್ತು. ಬೆಚ್ಚಗಿರುವ ಜಾಗ ಅಲ್ವಾ, ಹಲ್ಲಿಗೂ ಗೊತ್ತು. ರ‍್ಯಾಮ್ ತೆಗೆದರೆ ಅದರ ಬಂಗಾರದ ಬಣ್ಣದ ಅಂಚು ಮಾಸಿ ಕಂದು ತಿರುಗಿತ್ತು. ಪೆನ್ಸಿಲ್ ರಬ್ಬರಿನಿಂದ ನಿಧಾನಕ್ಕೆ ಉಜ್ಜಿದೆ, ಒಣ ಬ್ರಷ್‌ನಿಂದ ಸ್ಲಾಟ್ ಕೆರೆದೆ, ಎರಡೂ ಕೂರಿಸಿದೆ. 8 ಜಿಬಿ ತೋರಿಸಿತು. ಬೋರ್ಡಿನ ಮೇಲೆ ನಾಣ್ಯದ ಹಾಗಿರುವ ಸೆಲ್ಲೊಂದು ಇರುತ್ತದಲ್ಲ, ಅದನ್ನು ನೋಡಿದೆ, ಧೂಳು ಒರೆಸಿದೆ, ಮುಂದೆ ಹೋದೆ. ಆ ಕ್ಷಣಕ್ಕೆ ಮತ್ತೆ ಬರುತ್ತೇನೆ.

ಈ ಮೆಷಿನ್‌ಗೆ ವಿಂಡೋಸ್ 11 ಹಾಕಬಹುದಾ ಅಂತ ನೋಡುವ ಪಿಸಿ ಹೆಲ್ತ್ ಚೆಕ್ ಓಡಿಸಿದೆ. ಪ್ರೊಸೆಸರ್ ಸರಿ, ರ‍್ಯಾಮ್ ಸರಿ, ಜಾಗ ಸರಿ. ಎರಡು ಕಡೆ ಕೆಂಪು: ಟಿಪಿಎಂ 2.0 (ಗುಟ್ಟಿನ ಕೀಗಳನ್ನು ಕಾಯುವ ಸೆಕ್ಯೂರಿಟಿ ಚಿಪ್) ಇಲ್ಲ, ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಬಹುದಾದ ಸಾಫ್ಟ್‌ವೇರನ್ನು ಮಾತ್ರ ಬಿಡುವ ಕಾವಲು) ಇಲ್ಲ.

ಟಿಪಿಎಂ ಇಲ್ಲ ಅಂತ ಬಂದ ತಕ್ಷಣ ಹೊಸ ಕಂಪ್ಯೂಟರ್ ತೆಗೆಯಬೇಡಿ. ಈ ಕಾಲದ ಇಂಟೆಲ್ ಬೋರ್ಡುಗಳಲ್ಲಿ ಅದು ಪ್ರತ್ಯೇಕ ಚಿಪ್ ಆಗಿಯೇ ಇರಬೇಕೆಂದಿಲ್ಲ, ಪಿಟಿಟಿ ಅನ್ನುವ ಹೆಸರಿನಲ್ಲಿ ಒಳಗೇ ಇರುತ್ತದೆ, ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಎದ್ದು ಬೋರ್ಡನ್ನು ಸಿದ್ಧಮಾಡುವ ಪ್ರೋಗ್ರಾಂ) ಆಫ್ ಆಗಿರುತ್ತದೆ ಅಷ್ಟೇ. ಎಎಂಡಿ ಆದರೆ ಎಫ್‌ಟಿಪಿಎಂ ಅಂತ ಹುಡುಕಬೇಕು. ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋದೆ, ಪಿಟಿಟಿ ಆನ್ ಮಾಡಿದೆ. ಒಂದು ಕೆಂಪು ಹೋಯಿತು.

ಎರಡನೆಯದು ಅಷ್ಟು ಸುಲಭ ಇರಲಿಲ್ಲ. 2018ರಲ್ಲಿ ಜೋಡಿಸಿಕೊಟ್ಟವರು ವಿಂಡೋಸನ್ನು ಹಳೆಯ ಲೆಗಸಿ ರೀತಿಯಲ್ಲಿ ಹಾಕಿದ್ದರು, ಡಿಸ್ಕ್ ಎಂಬಿಆರ್ ರೀತಿಯದು, ಅಂದರೆ ಅದರ ಭಾಗಗಳ ಪಟ್ಟಿ ಹಳೆಯ ಕ್ರಮದಲ್ಲಿ. ವಿಂಡೋಸ್ 11ಕ್ಕೆ ಯುಇಎಫ್‌ಐ ಅನ್ನುವ ಹೊಸ ರೀತಿಯ ಬೂಟ್ ಬೇಕು, ಅದಕ್ಕೆ ಡಿಸ್ಕ್ ಜಿಪಿಟಿ ಅನ್ನುವ ಹೊಸ ಕ್ರಮಕ್ಕೆ ಬರಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ. ಡಿಸ್ಕ್ ಬದಲಾಯಿಸದೆ ಬಯೋಸ್‌ನಲ್ಲಿ ಸಿಎಸ್‌ಎಂ, ಅಂದರೆ ಹಳೆಯ ಲೆಗಸಿ ರೀತಿಗೆ ಅವಕಾಶ ಕೊಡುವ ಸೆಟ್ಟಿಂಗ್, ಆಫ್ ಮಾಡಿದರೆ ಮೆಷಿನ್ ಬೂಟೇ ಆಗಲ್ಲ. ಮೊದಲು ಡಿಸ್ಕ್, ಆಮೇಲೆ ಬಯೋಸ್.

ಡಿಸ್ಕ್ ಬದಲಾಯಿಸಲು ಎಲ್ಲಾ ಅಳಿಸಬೇಕಾಗಿಲ್ಲ. ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಅನ್ನುವ ಟೂಲ್ ಒಳಗೇ ಬರುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಮೊದಲು ವ್ಯಾಲಿಡೇಟ್ ಅಂತ ಕೊಡಬೇಕು. ಅದು ಸುಮ್ನೆ ಪರೀಕ್ಷೆ ಮಾಡುತ್ತದೆ, ಏನನ್ನೂ ಮುಟ್ಟಲ್ಲ. ಅದು ಪಾಸಾದರೆ ಕನ್ವರ್ಟ್. ವಿಂಡೋಸ್ ಓಡುತ್ತಿರುವಾಗಲೇ ಮಾಡುವುದಾದರೆ ಅಲೋಫುಲ್‌ಓಎಸ್ ಅನ್ನುವುದನ್ನೂ ಜೊತೆಗೆ ಸೇರಿಸಬೇಕು.

ವ್ಯಾಲಿಡೇಟ್ ಫೇಲ್. ಡಿಸ್ಕಿನ ಲೇಔಟ್ ಸರಿಯಿಲ್ಲ ಅಂತ ಒಂದೇ ಸಾಲು.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಕಾರಣ ಕಣ್ಣಿಗೇ ಕಂಡಿತು. ನಮ್ಮಲ್ಲಿ ಕಂಪ್ಯೂಟರ್ ಕೊಡುವಾಗ ಸಿ, ಡಿ, ಇ ಅಂತ ಮೂರು ಭಾಗ ಮಾಡಿ ಕೊಡುವುದು ಒಂದು ಸಂಪ್ರದಾಯ. ಸಿಸ್ಟಂ ರಿಸರ್ವ್ಡ್, ಸಿ, ಡಿ ಸೇರಿ ಮೂರು ಪ್ರೈಮರಿ. ಇ ಮಾತ್ರ ಎಕ್ಸ್‌ಟೆಂಡೆಡ್ ಭಾಗದ ಒಳಗೆ ಕೂತಿತ್ತು, ಸುತ್ತ ಹಸಿರು ಗೆರೆ. ಈ ಟೂಲ್ ಮೂರು ಪ್ರೈಮರಿವರೆಗೆ ಒಪ್ಪುತ್ತದೆ, ಎಕ್ಸ್‌ಟೆಂಡೆಡ್ ಇದ್ದರೆ ಒಪ್ಪಲ್ಲ. ಇ ಡ್ರೈವಿನಲ್ಲಿ ತಂಗಿಯ ಮದುವೆ ಫೋಟೋ, ವಿಡಿಯೋ, ಯಾರದೋ ಗೃಹಪ್ರವೇಶ. ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಸಾಗಿಸಲು ಒಂದೂವರೆ ಗಂಟೆ ಹೋಯಿತು. ಆಮೇಲೆ ಇ ಅಳಿಸಿದೆ. ಮತ್ತೆ ವ್ಯಾಲಿಡೇಟ್ ಮಾಡಿದೆ. ಮತ್ತೆ ಫೇಲ್!

ಇದನ್ನು ಸ್ವಲ್ಪ ಗಮನಿಸಿ. ಇ ಅಳಿಸಿದ ಮೇಲೂ ಆ ಜಾಗ ಹಸಿರು ಗೆರೆಯ ಒಳಗೇ ಇರುತ್ತದೆ, ಅದರ ಮೇಲೆ ಫ್ರೀ ಸ್ಪೇಸ್ ಅಂತ ಬರೆದಿರುತ್ತದೆ. ಅಂದರೆ ಒಳಗಿದ್ದ ಸಾಮಾನು ಹೋಯಿತು, ಪೆಟ್ಟಿಗೆ ಹಾಗೇ ಇದೆ. ಅದರ ಮೇಲೆ ಮತ್ತೊಮ್ಮೆ ರೈಟ್ ಕ್ಲಿಕ್ ಮಾಡಿ ಡಿಲೀಟ್ ಕೊಡಬೇಕು. ಆಗ ಗೆರೆ ಕಪ್ಪಾಗಿ ಅನ್‌ಅಲೋಕೇಟೆಡ್ ಅಂತ ಬರುತ್ತದೆ. ಆಮೇಲೆ ವ್ಯಾಲಿಡೇಟ್ ಪಾಸ್, ಕನ್ವರ್ಟ್ ಕೂಡ ಒಂದೆರಡು ನಿಮಿಷದಲ್ಲಿ ಮುಗಿಯಿತು. ಬಯೋಸ್‌ನಲ್ಲಿ ಸಿಎಸ್‌ಎಂ ಆಫ್ ಮಾಡಿದೆ, ಸೆಕ್ಯೂರ್ ಬೂಟ್ ಆನ್ ಮಾಡಿದೆ. ನಿಜ ಹೇಳಬೇಕೆಂದರೆ ಸೆಕ್ಯೂರ್ ಬೂಟ್ ಮಾಡುವ ಶಕ್ತಿ ಇದ್ದರೆ ಸಾಕು, ಆನ್ ಇರಲೇಬೇಕು ಅಂತಿಲ್ಲ. ಇರಲಿ ಅಂತ ಮಾಡಿದೆ. ಮೆಷಿನ್ ಚೆನ್ನಾಗಿ ಎದ್ದಿತು, ಹೆಲ್ತ್ ಚೆಕ್‌ನಲ್ಲಿ ಎಲ್ಲಾ ಹಸಿರು. ಸಂಜೆ ಆರೂವರೆ. ಚಿಕ್ಕಮ್ಮ ಅಕ್ಕಿ ರೊಟ್ಟಿ, ಕೆಸುವಿನ ಸೊಪ್ಪಿನ ಸಾರು ಮಾಡಿದ್ದರು. ನಾಳೆ ಬೆಳಿಗ್ಗೆ ಅಪ್‌ಗ್ರೇಡ್, ಮಧ್ಯಾಹ್ನ ಮನೆಗೆ ಅಂತ ಲೆಕ್ಕ ಹಾಕಿ ಮಲಗಿದೆ.

ರಾತ್ರಿ ಗುಡುಗು ಮಿಂಚು, ಜೋರು ಮಳೆ. ಗುಡುಗು ಶುರುವಾದರೆ ಟಿವಿ, ಕಂಪ್ಯೂಟರ್, ಮೋಟರ್ ಎಲ್ಲದರ ಪ್ಲಗ್ ಕೀಳುವುದು ನಮ್ಮ ಕಡೆಯ ಮನೆಗಳಲ್ಲಿ ಅಭ್ಯಾಸ. ಚಿಕ್ಕಮ್ಮ ಎದ್ದು ಕಿತ್ತರು. ಸರಿಯಾದ ಕೆಲಸವನ್ನೇ ಮಾಡಿದರು.

ಭಾನುವಾರ, 19

ಬೆಳಿಗ್ಗೆ ಪ್ಲಗ್ ಹಾಕಿ ಆನ್ ಮಾಡಿದರೆ ಕಪ್ಪು ಪರದೆ, ಬಿಳಿ ಅಕ್ಷರ. ಸರಿಯಾದ ಬೂಟ್ ಡಿವೈಸ್ ಹಾಕಿ ಅಂತ.

ನಿನ್ನೆ ಡಿಸ್ಕಿನ ಬುಡವನ್ನೇ ಬದಲಾಯಿಸಿದ್ದೇನೆ, ಇವತ್ತು ಡಿಸ್ಕ್ ಸಿಗುತ್ತಿಲ್ಲ ಅನ್ನುತ್ತಿದೆ. ಯಾರಿಗಾದರೂ ಏನನಿಸುತ್ತೆ? ಕನ್ವರ್ಟ್ ಕೆಟ್ಟಿದೆ, ನಾನೇ ಕೆಡಿಸಿದೆ. ರಿಕವರಿ ಪೆನ್‌ಡ್ರೈವ್ ಹಾಕಿದೆ, ಸ್ಟಾರ್ಟಪ್ ರಿಪೇರಿ ಓಡಿಸಿದೆ, ಆಗಲಿಲ್ಲ. ಡಿಸ್ಕ್‌ಪಾರ್ಟ್‌ನಲ್ಲಿ ನೋಡಿದರೆ ಭಾಗಗಳೆಲ್ಲಾ ಸರಿಯಾಗಿಯೇ ಇವೆ, ಬೂಟ್ ಫೈಲುಗಳಿರುವ ಇಎಫ್‌ಐ ಭಾಗವೂ ಇದೆ. ಬೂಟ್ ಫೈಲುಗಳನ್ನು ಹೊಸದಾಗಿ ಬರೆದೆ. ಆದರೂ ಇಲ್ಲ. ಎರಡು ಗಂಟೆ ಹೀಗೇ ಹೋಯಿತು. ಚಿಕ್ಕಪ್ಪ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಏನೂ ಹೇಳದೆ ಹೋದರು. ಬೈದಿದ್ದರೇ ವಾಸಿ ಇತ್ತು.

ಕೊನೆಗೆ ಬಯೋಸ್‌ಗೆ ಹೋದಾಗ ಮೂಲೆಯಲ್ಲಿ ದಿನಾಂಕ ಕಂಡಿತು. ಜನವರಿ 1, 2018. ಗಂಟೆ ಹನ್ನೆರಡೂ ಚಿಲ್ಲರೆ. ಕೆಳಗೆ ನೋಡಿದರೆ ಸಿಎಸ್‌ಎಂ ಆನ್, ಪಿಟಿಟಿ ಆಫ್. ನಾನು ನಿನ್ನೆ ಮಾಡಿದ್ದು ಒಂದೂ ಇಲ್ಲ.

ಸೆಲ್ ಸತ್ತಿದೆ! ನಿನ್ನೆ ಧೂಳು ಒರೆಸಿ ಬಿಟ್ಟಿದ್ದೆನಲ್ಲ, ಅದೇ ಸೆಲ್. ಪ್ಲಗ್ ಇರುವವರೆಗೆ ಬೋರ್ಡಿಗೆ ಗೋಡೆಯಿಂದಲೇ ಸ್ವಲ್ಪ ಕರೆಂಟ್ ಸಿಗುತ್ತಿರುತ್ತದೆ, ಕಂಪ್ಯೂಟರ್ ಆಫ್ ಇದ್ದರೂ. ಹಾಗಾಗಿ ಬಯೋಸ್ ನೆನಪು ಉಳಿಯುತ್ತದೆ. ಪ್ಲಗ್ ಕಿತ್ತರೆ ಗಡಿಯಾರಕ್ಕೂ ಸೆಟ್ಟಿಂಗಿಗೂ ಆ ಸೆಲ್ಲೇ ಗತಿ. ಸೆಲ್ ಸತ್ತಿದ್ದರೆ ಎಲ್ಲಾ ಮರೆತು ಕಾರ್ಖಾನೆಯಿಂದ ಬಂದಾಗಿನ ಸೆಟ್ಟಿಂಗಿಗೆ ಹೋಗುತ್ತದೆ. ಈ ಬೋರ್ಡಿನಲ್ಲಿ ಅದು ಲೆಗಸಿ. ಡಿಸ್ಕ್ ಈಗ ಜಿಪಿಟಿ, ಬಯೋಸ್ ಹುಡುಕುತ್ತಿರುವುದು ಎಂಬಿಆರ್. ನಿನ್ನೆವರೆಗೆ ಎರಡೂ ಹಳೆಯವೇ ಆಗಿದ್ದರಿಂದ ಸೆಲ್ ಸತ್ತದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಯಾರಿಗೂ ಅಂದರೆ ನನಗೆ. ಚಿಕ್ಕಮ್ಮನಿಗೆ ಹೇಳಿದಾಗ ಅವರು, "ಅಯ್ಯೋ, ಮಳೆಗಾಲದಲ್ಲಿ ಪ್ಲಗ್ ತೆಗೆದು ಹಾಕಿದ ಮಾರನೇ ದಿನ ಬ್ಯಾಂಕಿನ ಪೇಜು ತೆರೆಯಲ್ಲ ಕಣೋ, ತಾರೀಖು ಸರಿ ಮಾಡಿದರೆ ತೆರೆಯುತ್ತೆ. ರೈಟರ್ ಹೇಳಿಕೊಟ್ಟಿದ್ದಾರೆ" ಅಂದರು. ತಾರೀಖು 2018 ಅಂತಿದ್ದರೆ ಬ್ರೌಸರ್‌ಗೆ ಇವತ್ತಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲದ ಹಾಗೆ ಕಾಣುತ್ತದೆ, ಅದಕ್ಕೇ ಸುರಕ್ಷಿತ ಅಲ್ಲ ಅಂತ ತಡೆಯುತ್ತದೆ. ಎರಡು ಮಳೆಗಾಲದಿಂದ ಮೆಷಿನ್ ಬಾಯಿಬಿಟ್ಟು ಹೇಳುತ್ತಾ ಇತ್ತು. ನಾನು ಬಂದ ಕೂಡಲೇ ದಿನಾ ಬಳಸುವವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ಸ್ಕ್ರೂಡ್ರೈವರ್ ಹಿಡಿದೆ.

ಮೀಟರ್ ಇಟ್ಟು ನೋಡಿದರೆ ಮೂರು ವೋಲ್ಟ್ ಇರಬೇಕಾದ್ದು 1.4. ಬೇಕಾದ ಸೆಲ್ ಸಿಆರ್2032. ಭಾನುವಾರ, ಅದೂ ಮಳೆ, ಒಂದು ಸೆಲ್ಲಿಗೆ ಪೇಟೆಗೆ ಹೋಗಬೇಕಾ ಅಂದುಕೊಳ್ಳುತ್ತಿರುವಾಗ ಕಾಫಿಯ ಔಟ್‌ಟರ್ನ್ (ಒಣಗಿದ ಕಾಫಿಯಲ್ಲಿ ಬೀಜ ಎಷ್ಟು ಸಿಗುತ್ತೆ ಅನ್ನುವುದು) ನೋಡಲು ಇಟ್ಟುಕೊಂಡಿದ್ದ ಗ್ರಾಮಿನ ಸಣ್ಣ ತಕ್ಕಡಿ ಮೇಜಿನ ಮೇಲೆ ಕಂಡಿತು. ಹಿಂದೆ ಬಿಚ್ಚಿದರೆ ಅದೇ ಸೆಲ್, 3.1 ವೋಲ್ಟ್. ಚಿಕ್ಕಪ್ಪನ ಒಪ್ಪಿಗೆ ಆಮೇಲೆ ತೆಗೆದುಕೊಂಡೆ. ಸೆಟ್ಟಿಂಗ್ ಮತ್ತೆ ಮಾಡಿ, ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿದೆ. ದಿನಾಂಕ ನಿಂತಿತು, ವಿಂಡೋಸ್ ಎದ್ದಿತು.

ಇನ್ನು ಅಪ್‌ಗ್ರೇಡ್. ತೋಟದಲ್ಲಿ ಫೈಬರ್ ಇಲ್ಲ. ಕಂಪ್ಯೂಟರಿಗೆ ನೆಟ್ ಬರುವುದು ಫೋನಿನ ಹಾಟ್‌ಸ್ಪಾಟ್‌ನಿಂದ, ಅದೂ ಫೋನನ್ನು ಜಗಲಿಯ ಒಂದು ಮೂಲೆಯಲ್ಲಿ ಇಟ್ಟರೆ. ಹಾಗಾಗಿ ವಿಂಡೋಸ್ 11ರ ಐಎಸ್‌ಒ ಫೈಲನ್ನು (ಇಡೀ ಸೆಟಪ್ ಒಂದೇ ಫೈಲಿನಲ್ಲಿ) ಮನೆಯಲ್ಲೇ ಇಳಿಸಿಕೊಂಡು ಬಂದಿದ್ದೆ. ಬರುವ ಮುಂಚೆ ಪೆನ್‌ಡ್ರೈವಿಗೆ ಹಾಕಲು ಹೋದಾಗ ಫೈಲ್ ತುಂಬಾ ದೊಡ್ಡದು ಅಂದಿತ್ತು, 16 ಜಿಬಿ ಖಾಲಿ ಇದ್ದರೂ. ಎಫ್‌ಎಟಿ32 ಅನ್ನುವ ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದರೆ ಆಯಿತು. ಓಡುತ್ತಿರುವ ವಿಂಡೋಸ್ ಒಳಗಿನಿಂದಲೇ ಐಎಸ್‌ಒ ಮೇಲೆ ಡಬಲ್ ಕ್ಲಿಕ್ ಮಾಡಿ ಸೆಟಪ್ ಓಡಿಸುವುದಾದರೆ ಇದರಿಂದ ತೊಂದರೆ ಏನೂ ಇಲ್ಲ.

ಕಂಪ್ಯೂಟರಿನ ಯುಪಿಎಸ್ ಹತ್ತು ನಿಮಿಷ ತಡೆದರೆ ಹೆಚ್ಚು. ಎಕ್ಸ್‌ಟೆನ್ಷನ್ ಎಳೆದು ಮನೆಯ ಇನ್ವರ್ಟರ್‌ಗೆ ಹಾಕಿದೆ. ಫೈಲು, ಪ್ರೋಗ್ರಾಂ ಎಲ್ಲಾ ಉಳಿಸಿಕೊ ಅನ್ನುವುದನ್ನು ಆರಿಸಿ ಮಧ್ಯಾಹ್ನ ಒಂದಕ್ಕೆ ಶುರು ಮಾಡಿದೆ. ಹಾರ್ಡ್‌ಡಿಸ್ಕ್ ಅಲ್ವಾ, ಆಮೆ ನಡಿಗೆ. ಒಂದು ಸಲ ರೀಸ್ಟಾರ್ಟ್ ಆಯಿತು, ಇನ್ನೊಂದು ಸಲ ಆಯಿತು, ಮೂರೂ ಮುಕ್ಕಾಲಿಗೆ ಒಂದೇ ಕಡೆ ನಿಂತುಬಿಟ್ಟಿತು. ಮುಕ್ಕಾಲು ಗಂಟೆ ಕಾದೆ. ತಾನೇ ಹಿಂದಕ್ಕೆ ಹೋಗಿ ವಿಂಡೋಸ್ 10ಕ್ಕೇ ಬಂದು ನಿಂತಿತು. ಇನ್‌ಸ್ಟಾಲ್ ಆಗಲಿಲ್ಲ, ಕೋಡ್ 0ಎಕ್ಸ್‌ಸಿ1900101, ಅದರ ಪಕ್ಕ 0ಎಕ್ಸ್30018.

ಇಂಥ ಕೋಡ್ ಕಂಡರೆ ಗಾಬರಿಯಾಗಬೇಕಿಲ್ಲ. ಮೊದಲನೆಯದು ಬಂದರೆ ಸಾಮಾನ್ಯವಾಗಿ ಯಾವುದೋ ಡ್ರೈವರ್, ಅಂದರೆ ಸಿಕ್ಕಿಸಿದ ಸಾಮಾನನ್ನು ನಡೆಸುವ ಪ್ರೋಗ್ರಾಂ, ಹೊಂದುತ್ತಿಲ್ಲ ಅಂತ ಅರ್ಥ. ಎರಡನೆಯದರ ಮೊದಲ ಅಂಕಿ ಯಾವ ಹಂತದಲ್ಲಿ ಬಿತ್ತು ಅಂತ ಹೇಳುತ್ತದೆ. 3 ಅಂದರೆ ಹೊಸ ವಿಂಡೋಸ್ ಮೊದಲ ಸಲ ಎದ್ದು ನಿಲ್ಲುವ ಹಂತ. ಅಂದರೆ ಡಿಸ್ಕ್, ಟಿಪಿಎಂ, ಬೂಟ್, ನಾನು ಹೆದರಿದ್ದೆಲ್ಲಾ ದಾಟಿ ಆಗಿತ್ತು. ಸಿ ಡ್ರೈವಿನಲ್ಲಿ ಅಡಗಿಸಿಟ್ಟ ಸೆಟಪ್ ಫೋಲ್ಡರಿನ ಒಳಗೆ ಪ್ಯಾಂಥರ್ ಅಂತ ಇನ್ನೊಂದು ಇರುತ್ತದೆ, ಲಾಗ್ ಫೈಲುಗಳು ಅಲ್ಲಿ. ಸೆಟಪ್‌ಎರ್ ಅನ್ನುವ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದೆ. ಮುಕ್ಕಾಲು ಭಾಗ ಅರ್ಥವಾಗಲ್ಲ, ಆಗಬೇಕಾಗಿಯೂ ಇಲ್ಲ. ಒಂದು ಡ್ರೈವರ್ ಫೈಲಿನ ಹೆಸರು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಹುಡುಕಿದರೆ ಅದು ಹಿಂದೆ ಸಿಕ್ಕಿಸಿದ್ದ ಉಗುರಿನಷ್ಟು ದೊಡ್ಡ ವೈಫೈ ಡಾಂಗಲ್‌ದು. ಜೊತೆಗೆ ಬಂದ ಸಿಡಿಯಿಂದ ಹಾಕಿದ ಕಾಲದ ಡ್ರೈವರ್.

ಡಾಂಗಲ್ ಕಿತ್ತೆ. ಕಿತ್ತರೆ ಸಾಲದು, ಡ್ರೈವರ್ ಒಳಗೇ ಉಳಿದಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಡಿವೈಸುಗಳನ್ನೂ ತೋರಿಸು ಅಂತ ಕೊಟ್ಟು, ಮಂಕಾಗಿ ಕಾಣುವ ಅದರ ಹೆಸರನ್ನು ಹಿಡಿದು, ಡ್ರೈವರ್ ಸಮೇತ ತೆಗೆ ಅನ್ನುವ ಗುರುತು ಹಾಕಿ ತೆಗೆದೆ. ಪ್ರಿಂಟರ್, ಕಣದ ದೊಡ್ಡ ತಕ್ಕಡಿಯ ಕೇಬಲ್ ಎಲ್ಲಾ ಕಿತ್ತು ಕೀಬೋರ್ಡ್, ಮೌಸ್, ಪರದೆ ಮೂರನ್ನೇ ಬಿಟ್ಟೆ. ಇದನ್ನು ಮೊದಲೇ ಮಾಡಬೇಕಿತ್ತು. ಸಂಜೆ ಆರಕ್ಕೆ ಮತ್ತೆ ಶುರು. ನಡುವೆ ಎರಡು ಸಲ ಕರೆಂಟ್ ಹೋಯಿತು, ಇನ್ವರ್ಟರ್ ಕಾಪಾಡಿತು. ಮನೆಯ ಬೇರೆ ಲೈಟುಗಳನ್ನೆಲ್ಲಾ ಆರಿಸಿ ಎಲ್ಲರೂ ಅಡಿಗೆಮನೆಯಲ್ಲಿ ಒಂದೇ ಬಲ್ಬಿನ ಕೆಳಗೆ ಕೂತು ಊಟ ಮಾಡಿದೆವು. ಒಂಬತ್ತೂ ಕಾಲಿಗೆ ವಿಂಡೋಸ್ 11 ಬಂತು. ಹಳೆಯ ಪಾಸ್‌ವರ್ಡೇ, ಹಳೆಯ ಫೈಲುಗಳೇ. ಬಟವಾಡೆ ಪುಸ್ತಕ ತೆರೆದೆ, ಹೆಸರುಗಳು ಕನ್ನಡದಲ್ಲೇ ಇದ್ದವು.

ಸೋಮವಾರ, 20

ಹಬ್ಬದ ದಿನವೂ ರೈಟರ್ ಬಂದರು, ಕಂಪ್ಯೂಟರ್ ಏನಾಯಿತೋ ಅಂತ ಅವರಿಗೆ ತಳಮಳ. ಪ್ರಿಂಟರ್ ಸಿಕ್ಕಿಸಿದೆವು, ಓಡಿತು. ತಕ್ಕಡಿ ಸಿಕ್ಕಿಸಿದೆವು, ಓಡಲಿಲ್ಲ.

ಕಣದಲ್ಲಿರುವ ಎಲೆಕ್ಟ್ರಾನಿಕ್ ತಕ್ಕಡಿಗೆ ಹಳೆಯ ಸೀರಿಯಲ್ ಪೋರ್ಟ್ ಇದೆ. ಅಲ್ಲಿಂದ ಸೀರಿಯಲ್ ಟು ಯುಎಸ್‌ಬಿ ಕೇಬಲ್‌ನಲ್ಲಿ ತೂಕ ನೇರವಾಗಿ ಕಂಪ್ಯೂಟರಿಗೆ ಬರುತ್ತದೆ. ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ ಇದರ ಮೇಲೇ ನಿಂತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕೇಬಲ್ ಹೆಸರಿನ ಜಾಗದಲ್ಲೇ ಒಂದು ಸಂದೇಶ: ಈ ಚಿಪ್ 2012ರಿಂದ ನಿಂತಿದೆ, ಕೊಟ್ಟವರನ್ನು ಕೇಳಿ. ಕೇಬಲ್ ಕೆಟ್ಟಿಲ್ಲ, ಹೊಸ ಡ್ರೈವರ್ ಹಳೆಯ ಚಿಪ್ಪನ್ನು ಬೇಕಂತಲೇ ಕೈಬಿಟ್ಟಿದೆ. ಹಳೆಯ ಡ್ರೈವರ್ ಹುಡುಕಿ ಹಾಕಿದರೆ ಓಡಬಹುದು, ಆದರೆ ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಹೊಸದು ಬಂದು ಕೂರುತ್ತದೆ, ಅದೂ ಜನವರಿಯ ಒಂದು ಸಂಜೆ ಐವತ್ತು ಜನ ಚೀಲ ಹೊತ್ತು ಸಾಲು ನಿಂತಿರುವಾಗ. ಬೇಡ ಅನಿಸಿತು. ಬೇರೆ ಚಿಪ್ ಇರುವ ಹೊಸ ಕೇಬಲ್ ತರಿಸಿದೆವು, ನಾನೂರು ಚಿಲ್ಲರೆ ಆಯಿತು, ಶುಕ್ರವಾರ ಬಂತು. ಹೊಸ ಕೇಬಲ್ ಹಾಕಿದಾಗ ಕಾಂ ಪೋರ್ಟಿನ ನಂಬರ್ 3 ಇದ್ದದ್ದು 5 ಆಗುತ್ತದೆ, ತೂಕದ ಪ್ರೋಗ್ರಾಂ 3ನ್ನೇ ಕಾಯುತ್ತಾ ಕೂತಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡ್ವಾನ್ಸ್ಡ್ ಒಳಗೆ ಹೋಗಿ 3 ಮಾಡಿದೆ. ರೈಟರ್ ಗೊಬ್ಬರದ ಚೀಲ ಒಂದನ್ನು ತಕ್ಕಡಿ ಮೇಲಿಟ್ಟರು, ಪರದೆಯ ಮೇಲೆ 50.2 ಬಂತು.

ಡಾಂಗಲ್ ವಾಪಸ್ ಹಾಕಲಿಲ್ಲ. ಫೋನಿನಿಂದ ಯುಎಸ್‌ಬಿ ಕೇಬಲ್ ಹಾಕಿ ನೆಟ್ ತೆಗೆದುಕೊಳ್ಳುತ್ತಾರೆ, ಹಾಟ್‌ಸ್ಪಾಟಿಗಿಂತ ಅದೇ ಜಾಸ್ತಿ ವೇಗ. ಅಪ್‌ಗ್ರೇಡ್ ಆದ ಮೇಲೆ ಹತ್ತು ದಿನ ಹಿಂದಕ್ಕೆ ಹೋಗುವ ಅವಕಾಶ ಇರುತ್ತದೆ, ಅದನ್ನು ಮುಟ್ಟಲಿಲ್ಲ. ಮೆಷಿನ್ ಈಗಲೂ ನಿಧಾನ. ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಹಾಕಿದರೆ ಸರಿಹೋಗುತ್ತದೆ, ಅದು ಕಾಫಿ ಮಾರಿದ ಮೇಲಿನ ಮಾತು ಅಂತ ಚಿಕ್ಕಪ್ಪ ಹೇಳಿದ್ದಾರೆ.

ಹೊರಡುವ ಮುಂಚೆ ಒಂದು ಚೀಟಿ ಬರೆದು ಕ್ಯಾಬಿನೆಟ್ ಪಕ್ಕಕ್ಕೆ ಅಂಟಿಸಿದೆ: ಸಿಎಸ್‌ಎಂ ಆಫ್, ಪಿಟಿಟಿ ಆನ್, ಸೆಲ್ ಹಾಕಿದ್ದು 19-10-2025. ಮುಂದಿನ ಸಲ ಹೋದಾಗ ಅದರ ಕೆಳಗೆ ಚಿಕ್ಕಮ್ಮನ ಅಕ್ಷರದಲ್ಲಿ ಇನ್ನೆರಡು ಸಾಲು ಇತ್ತು: "ಗುಡುಗಿದರೆ ಪ್ಲಗ್ ತೆಗೆಯಿರಿ. ತಕ್ಕಡಿಗೆ ಸೆಲ್ ತರಬೇಕು."